ಷರಾ

ಬೆಳಿಗ್ಗೆ ಆರಕ್ಕೊಮ್ಮೆ, ಸಂಜಿ ಆರಕ್ಕೊಮ್ಮೆ
ಕೆರಿಯೊಳಗಿನ ಅಳತಿಗಲ್ಲಿಗೆ ಬ್ಯಾಟರಿ ಹಿಡೀತೀನಿ.
ಕಪ್ಪು ಪಟ್ಟಿ, ಬಿಳಿ ಪಟ್ಟಿ, ಪಟ್ಟಿಗೊಂದು ಅಂಕಿ,
ಯಾವುದೋ ಒಂದು ಅಂಕಿಯ ಕೊರಳತನಕ ನೀರು.
ಆಪಿನಾಳದಾಗ ಸರಕಾರಿ ಪಗಾರ ಇರೋದು
ಸಾಲಿ ಮಾಸ್ತರಿಗೆ, ಅಂಗನವಾಡಿ ಅಕ್ಕಗ,
ಮತ್ತ ನೀರು ಎಷ್ಟದ ಅಂತ ಬರಿಯೋ ನನಗ.
ನಂದು ಅರ್ಧ ಪಗಾರ. ಕಾಯಂ ಅಲ್ಲ.

ಮೊದಲು ಅಪ್ಪ ಬರೀತಿದ್ದ.
ಇಪ್ಪತ್ತಾರು ವರ್ಷದ ವಹಿ ಟ್ರಂಕಿನಾಗ ಅವ,
ನುಸಿಗುಳಿಗಿ ವಾಸನಿ ಹೊತಗೊಂಡು.
ತಾರೀಖು, ವ್ಯಾಳ್ಯಾ, ಮಟ್ಟ,
ಕಡೀಕ 'ಷರಾ' ಅನ್ನೋ ಒಂದು ಅಗಲ ಮನಿ.
ಇಪ್ಪತ್ತಾರು ವರ್ಷ ಅದರಾಗ ಒಂದ ಮಾತು: ಏನಿಲ್ಲ.
ನಾ ಹುಟ್ಟಿದ ದಿನದ ಪುಟ ಹುಡುಕಿ ನೋಡಿದೆ.
ಹನ್ನೊಂದು ಅಡಿ ನಾಲ್ಕು ಇಂಚು. ಏನಿಲ್ಲ.

ಏನೂ ಇಲ್ಲದ ಊರಲ್ಲ ಇದು.
ಅರ್ಧ ನೆಲ, ಅರ್ಧ ನೀರು, ನಡುವ ಎರಡೂ ಅಲ್ಲದ್ದು.
ಕಾಲುವಿ ಸೋರಿ ಸೋರಿ ಅಜ್ಜನ ಹೊಲ ಮೆತ್ತಗಾಗಿ
ಈಗ ಕಾಲಿಟ್ಟರ ಮೊಣಕಾಲು ಕೇಳ್ತದ,
ಎತ್ತಿದರ ಚಪ್ಪಲಿ ಇಟಗೋತದ.
ನನ್ನ ನೋಡ್ಲಿಕ್ಕ ಬಂದ ಶಹಾಪುರದ ವರ
ಒಂಟಿ ಬೂಟಿನಾಗ ನಿಂತು ಚಹಾ ಕುಡದು ಹ್ವಾದ.
ಸಂಬಂಧ ಕೂಡಲಿಲ್ಲ.
ಬೂಟೂ ಸಿಗಲಿಲ್ಲ.

ತಿಪ್ಪವ್ವ ಸೊಂಟಮಟ ಇಳಿದು ಆಪು ಕೊಯ್ತಾಳ,
ಜಿಗಳಿ ಹತ್ತಿದರ ಸುಣ್ಣ ಒತ್ತಿ, ಮತ್ತ ಕೊಯ್ತಾಳ.
ಅಕಿ ಹೆಣದ ಚಾಪಿ ಮ್ಯಾಲ ಮಲಗಿದವರಿಗಿ
ನೀರಿನ ಕನಸು ಬೀಳ್ತಾವಂತ.
ನಾ ಮಲಗೀನಿ. ಬೆನ್ನು ನೋಯ್ತದ, ಅಷ್ಟ.

ಹೋದ ವರ್ಷ ಒಂದಿನ ನಸಿಕಿನ್ಯಾಗ
ಕೈ ತಾನ ಆ ಕಡೀ ಮನಿಗೆ ಹ್ವಾತು.
ಷರಾ: ಜೊಂಡಿನಾಗ ಜಂಬುಕೋಳಿ ಮರಿ, ಐದು.
ಬಂದಗಿಸಾಬ ಬಲಿ ಬೀಸದ ಹರಗೋಲು ತಿರಿಗಿಸಿದ.
ಷರಾ: ಸಾಬಮ್ಮನ ಎಮ್ಮಿ ಕೆಸರಾಗ ಹೂತಿತ್ತು.
ಹದಿನಾಲ್ಕು ಮಂದಿ, ಎರಡು ಹಗ್ಗ, ಕಿತ್ತು ತಂದ ಸಾಲಿ ಬಾಗಲ.
ಸಂಜಿಗೆ ಹಾಲು ಕೊಟ್ಟದ, ವಾಸನಿ ಅದ.
ಷರಾ: ನೀರು ಸರಿದು ಹಳೇ ಬಂಡಿ ಹಾದಿ ಎದ್ದದ.
ಗಾಲಿ ಗೀರು ಹಂಗ ಅವ. ಊರಿನ ಕಡಿ ಬರ್ತಾವು.

ಹುಣಸಗಿಯಿಂದ ಸಾಹೇಬ ಬಂದ, ವಹಿ ತೆರದ.
'ಏನಮ್ಮಾ ಇದು? ನೀರು ಬರಿ ಅಂದರ ಊರು ಬರದೀಯಲ್ಲ!'
ಕೆಂಪು ಪೆನ್ನು ತಗದು ಒಂದೊಂದ ಹೊಡಕೋತ ಬಂದ,
ಎಮ್ಮಿ ಕಡೀಗೆ ಬಂದು ನಿಂತ.
'ಬದುಕಿತೇನು?'
'ಹೂನ್ರಿ. ಈಗ ಗಬ್ಬದರಿ.'
ಅದೊಂದು ಬಿಟ್ಟ. ಕೆಳಗ ಬರದ:
ಇನ್ನು ಮುಂದೆ ಮಟ್ಟ ಮಾತ್ರ. ಸಹಿ, ತಾರೀಖು.

ಅವತ್ತು ರಾತ್ರಿ ಸಿಟ್ಟಿಲೆ ಟ್ರಂಕು ತೆರದು
ನನ್ನ ಹುಟ್ಟಿದ ಪುಟ ಅಪ್ಪನ ಮುಂದ ಹಿಡಿದೆ.
ಹನ್ನೊಂದು ಅಡಿ ನಾಲ್ಕು ಇಂಚು, ಏನಿಲ್ಲ ಅಂತಲ್ಲ, ಏನಿಲ್ಲೇನು?
ಅಪ್ಪ ಕಣ್ಣಿನ ಪರಿ ಮುಂದ ಪುಟ ತಂದು
ಬೆರಳಲೆ ಅಕ್ಷರ ಮುಟ್ಟಿದ.
'ಲಕಾರದ ಬಾಲ ನೋಡು, ಹಿಂಗ ನಾ ಬರಿಯಂಗಿಲ್ಲ.
ಬಂದಗಿಸಾಬನ ಕೈ ಇದು.
ಅವತ್ತು ನಾ ಇಲ್ಲಿ ಎಲ್ಲಿದ್ದೆ?
ಸುರಪುರ ದವಾಖಾನಿ ಹೊರಗ ಕುಂತಿದ್ದೆ,
ಚಪ್ಪಲಿ ಕೆಸರಾಗ ಬಿಟ್ಟು ಓಡಿ.'

ಈಗ ಮಳಿಗಾಲ, ಕೆರಿ ತುಂಬೇದ.
ಅಳತಿಗಲ್ಲಿನ ತುದಿಗೆ ನೀರುಕಾಗಿ ಕುಂತು
ರೆಕ್ಕಿ ಬಿಚ್ಚಿ ಒಣಸಲಿಕತ್ತದ,
ಮ್ಯಾಲಿನ ಅಂಕಿ ಪೂರಾ ಮುಚ್ಯಾವು.
ಆರು ಹೊಡದು ಹತ್ತು ನಿಮಿಷ ಆತು.
ಬ್ಯಾಟರಿ ಆರಿಸಿ, ದಂಡ್ಯಾಗ ಕುಂತೀನಿ.
ಅದರದು ಒಣಗಲಿ.